ಸಭೆಗೆ ಸೇರಿದವರು, ಸಭೆ ಸೇರದವರು

ಕನ್ನಡ ಕ್ರೈಸ್ತರಲ್ಲಿ ಇಬ್ಬರು ಹೊಸಬರು ಮದುವೆ ಮನೆಯಲ್ಲಿ ಭೇಟಿಯಾದರೆ ಹೆಸರು, ಕೆಲಸ, ಊರು ಆದಮೇಲೆ ಬರುವ ಪ್ರಶ್ನೆ ಒಂದೇ: ‘ನೀವು ಯಾವ ಸಭೆಗೆ ಸೇರಿದವರು?’ ಸಭೆ ಎಂದರೆ ನಮ್ಮಲ್ಲಿ ಚರ್ಚು, ಅದರ ಜನ. ಉತ್ತರ ಥಟ್ಟನೆ ಬರುತ್ತದೆ. ಅದೇ ಪ್ರಶ್ನೆಯಿಂದ ‘ಗೆ’ ಎಂಬ ಒಂದಕ್ಷರವನ್ನು ಕಿತ್ತು, ‘ನೀವು ಸಭೆ ಸೇರುತ್ತೀರಾ?’ ಎಂದು ಕೇಳಿ ನೋಡಿ. ಎದುರಿಗಿದ್ದವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಹೆಸರು ರಿಜಿಸ್ಟರಿನಲ್ಲಿದೆ, ವಂತಿಗೆ ಬಾಕಿಯಿಲ್ಲ, ಕ್ರಿಸ್‌ಮಸ್ಸಿಗೆ ಹೋಗಿದ್ದರು, ಶುಭ ಶುಕ್ರವಾರಕ್ಕೂ ಹೋಗಿದ್ದರು, ಉಳಿದಂತೆ ಭಾನುವಾರ ಒಂದೇ ದಿನವಲ್ಲವೇ ಮನೆಯಲ್ಲಿ ಇರುವುದು.

ನಾನು ಈ ಗಂಟಲು ಸರಿಮಾಡಿಕೊಳ್ಳುವವರ ಸಾಲಿನಲ್ಲಿ ಏಳೆಂಟು ವರ್ಷ ಇದ್ದವನು. ಆದ್ದರಿಂದ ಈ ಲೇಖನದಲ್ಲಿ ಗದರಿಕೆ ಇಲ್ಲ. ‘ದೇವರು ಎಲ್ಲೆಡೆ ಇದ್ದಾನಲ್ಲ, ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ?’ ಎಂಬ ಪ್ರಶ್ನೆ ಸೋಮಾರಿಗಳದ್ದು ಮಾತ್ರ ಎಂದು ನಾನು ನಂಬುವುದಿಲ್ಲ. ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಕ್ರೈಸ್ತ ಧರ್ಮ ಕೊಡುವ ಉತ್ತರವಾದರೂ ಏನು ಎಂಬುದನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

ಉತ್ತರದ ಅರ್ಧ ಪಾಲು ‘ಸಭೆ’ ಎಂಬ ಪದದಲ್ಲೇ ಅಡಗಿದೆ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ಎಕ್ಲೇಸಿಯಾ. ಅದು ಧಾರ್ಮಿಕ ಪದವಾಗಿ ಹುಟ್ಟಿದ್ದಲ್ಲ. ಅಥೆನ್ಸಿನಂಥ ನಗರಗಳಲ್ಲಿ ಊರಿನ ವಿಚಾರ ತೀರ್ಮಾನಿಸಲು ನಾಗರಿಕರು ಬಂದು ಕೂಡುತ್ತಿದ್ದ ಕೂಟಕ್ಕೆ ಆ ಹೆಸರಿತ್ತು. ಅದರಲ್ಲಿನ ‘ಅಪೊಸ್ತಲರ ಕೃತ್ಯಗಳು’ ಎಂಬ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಫೆಸ ಪಟ್ಟಣದ ಅಕ್ಕಸಾಲಿಗರು, ಕ್ರಿಸ್ತನ ಸುದ್ದಿ ಸಾರುತ್ತಿದ್ದ ಪೌಲನ ವಿರುದ್ಧ ಜನರನ್ನು ಎತ್ತಿಕಟ್ಟಿ ರಂಗಮಂದಿರದಲ್ಲಿ ಗದ್ದಲ ಎಬ್ಬಿಸುತ್ತಾರೆ. ಬಹುಪಾಲು ಜನರಿಗೆ ತಾವು ಯಾಕೆ ಬಂದಿದ್ದೇವೆಂಬುದೇ ಗೊತ್ತಿರಲಿಲ್ಲ ಎಂದು ಆ ಪುಸ್ತಕ ಬರೆದ ಲೂಕ ಮೆಲ್ಲಗೆ ಚುಚ್ಚುತ್ತಾನೆ. ಆ ಗದ್ದಲದ ಕೂಟಕ್ಕೂ ಅವನು ಬಳಸಿದ್ದು ಎಕ್ಲೇಸಿಯಾ ಎಂಬ ಪದವನ್ನೇ. ಅಂದರೆ ಜನ ಬಂದು ಕೂಡಿದರೆ ಅದು ಇದೆ, ಚದುರಿದರೆ ಇಲ್ಲ. ಮಂಗಳೂರಿನ ಕೊಂಕಣಿಯವರು ‘ಇಗರ್ಜ್’ ಎನ್ನುವುದು ಪೋರ್ಚುಗೀಸರ ಇಗ್ರೇಜಾದಿಂದ. ಆ ಇಗ್ರೇಜಾ ಕೂಡ ಎಕ್ಲೇಸಿಯಾದ ಮೊಮ್ಮಗಳೇ. ‘ಚರ್ಚ್’ ಮಾತ್ರ ಬೇರೆ ಬೇರಿನದು: ‘ಕರ್ತನಿಗೆ ಸೇರಿದ್ದು’ ಎಂಬರ್ಥದ ಇನ್ನೊಂದು ಗ್ರೀಕ್ ಪದದಿಂದ ಬಂದದ್ದು, ಮುಂದೆ ಕಟ್ಟಡಕ್ಕೆ ಅಂಟಿಕೊಂಡಿತು. ಕನ್ನಡದಲ್ಲಿ ಬೈಬಲ್ ತಂದವರು ‘ಸಭೆ’ ಎಂಬ ಪದ ಆರಿಸಿಕೊಂಡದ್ದು ಸುದೈವ ಎಂದೇ ನನ್ನ ಎಣಿಕೆ. ‘ಚರ್ಚಿಗೆ ಹೋಗುವುದೇಕೆ?’ ಎಂದು ಕೇಳಬಹುದು. ‘ಸಭೆ ಯಾಕೆ ಸೇರಬೇಕು?’ ಎಂದು ಕೇಳಿದರೆ ಪ್ರಶ್ನೆಯೇ ಕೊಂಚ ವಿಚಿತ್ರವಾಗಿ ಕೇಳಿಸುತ್ತದೆ. ಸೇರದೇ ಇದ್ದರೆ ಅದು ಸಭೆ ಹೇಗಾದೀತು?

ಮೊದಲ ತಲೆಮಾರುಗಳ ಕ್ರೈಸ್ತರಿಗೆ ಕಟ್ಟಡವೇ ಇರಲಿಲ್ಲ. ಮನೆಗಳಲ್ಲಿ ಕೂಡುತ್ತಿದ್ದರು. ರಜೆಯೂ ಇರಲಿಲ್ಲ. ಭಾನುವಾರ ಬಿಡುವಿನ ದಿನವಾದದ್ದರಿಂದ ಕ್ರೈಸ್ತರು ಅಂದು ಕೂಡುತ್ತಾರೆ ಎಂದು ನಾವು ಅಂದುಕೊಂಡಿದ್ದೇವೆ, ನಡೆದದ್ದು ತಿರುವುಮುರುವು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನ್ಯಾಯಾಲಯ, ಕಸುಬುಗಳನ್ನು ನಿಲ್ಲಿಸಬೇಕೆಂದು ಅಪ್ಪಣೆ ಹೊರಡಿಸಿದ್ದು 321ರಲ್ಲಿ, ಅದೂ ರೈತಾಪಿ ಕೆಲಸಕ್ಕೆ ವಿನಾಯಿತಿ ಕೊಟ್ಟು. ಅದಕ್ಕೂ ಮೊದಲಿನ ಸುಮಾರು 300 ವರ್ಷ ಭಾನುವಾರ ದುಡಿಮೆಯ ದಿನ. ಕ್ರೈಸ್ತರಲ್ಲಿ ಗುಲಾಮರಿದ್ದರು, ಕೂಲಿಯವರಿದ್ದರು, ಪರಧಣಿಯ ಮನೆಯಲ್ಲಿ ಅಡುಗೆ ಮಾಡುವ ಹೆಂಗಸರಿದ್ದರು. ಅವರು ಹೇಗೆ ಕೂಡುತ್ತಿದ್ದರು ಎಂಬುದನ್ನು ತಿಳಿಸುವವನು ಒಬ್ಬ ಕ್ರೈಸ್ತನೇ ಅಲ್ಲ. ಈಗಿನ ಟರ್ಕಿಯ ಭಾಗವಾದ ಬಿಥೂನ್ಯದಲ್ಲಿ ರಾಜ್ಯಪಾಲನಾಗಿದ್ದ ಪ್ಲಿನಿ, ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ ತಾನು ಹಿಡಿಸಿ ವಿಚಾರಿಸಿದವರ ಬಗ್ಗೆ ವರದಿ ಕೊಡುತ್ತಾನೆ: ಇವರು ಗೊತ್ತುಪಡಿಸಿದ ಒಂದು ದಿನ ಬೆಳಕು ಹರಿಯುವ ಮುನ್ನ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಕೊಂಡಾಡಿ ಹಾಡುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ ಎಂದು ಆಣೆ ಇಡುತ್ತಾರೆ. ಬೆಳಕು ಹರಿಯುವ ಮುನ್ನ ಯಾಕೆ? ಬೆಳಗಾದರೆ ಕೆಲಸಕ್ಕೆ ಹೋಗಬೇಕಲ್ಲ. ಒಂಬತ್ತೂವರೆಯ ಆರಾಧನೆಗೆ ಹತ್ತಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ನುಸುಳಿಕೊಳ್ಳುವ ನಮ್ಮ ಪರಂಪರೆ ತೀರ ಇತ್ತೀಚಿನದು.

ದಿನ ಭಾನುವಾರವೇ ಆಗಿದ್ದೇಕೆ ಎಂಬುದಕ್ಕೆ ಕಾರಣ ಸರಳ: ಯೇಸು ಸತ್ತವರೊಳಗಿಂದ ಎದ್ದದ್ದು ವಾರದ ಮೊದಲನೆಯ ದಿನ. ಪ್ರತಿ ಭಾನುವಾರವೂ ಒಂದು ಪುಟ್ಟ ಈಸ್ಟರ್. ಆದರೆ ದಿನಕ್ಕೆ ಅಂಟಿಕೊಂಡು ಕೂಡುವುದನ್ನು ಬಿಟ್ಟುಬಿಡುವವರಿಗೆ ಕೊಲ್ಲಿ ರಾಷ್ಟ್ರಗಳ ನಮ್ಮವರು ಒಳ್ಳೆಯ ಪಾಠ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2022ರಲ್ಲಿ ವಾರದ ರಜೆ ಶನಿವಾರ, ಭಾನುವಾರಗಳಿಗೆ ಬದಲಾಗುವ ತನಕ ಶುಕ್ರವಾರವೇ ಬಿಡುವಿನ ದಿನ. ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದವರು ವರ್ಷಗಟ್ಟಲೆ ಶುಕ್ರವಾರ ಪೂಜೆಗೆ, ಆರಾಧನೆಗೆ ಕೂಡಿದರು. ಕ್ಯಾಲೆಂಡರ್ ಒಗ್ಗದಿದ್ದಾಗ ಅವರು ಬಿಟ್ಟುಕೊಟ್ಟದ್ದು ವಾರವನ್ನು, ಕೂಟವನ್ನಲ್ಲ.

ಕೂಡಿದಾಗ ಏನು ನಡೆಯುತ್ತಿತ್ತು? ಇದಕ್ಕೆ ಅದ್ಭುತವಾದ ದಾಖಲೆ ಇದೆ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ತತ್ವಜ್ಞಾನಿ, ತನ್ನವರ ಮೇಲಿನ ಅಪವಾದಗಳಿಗೆ ಉತ್ತರವಾಗಿ ಚಕ್ರವರ್ತಿಗೆ ಒಂದು ಸಮರ್ಥನೆ ಬರೆದ. ಅದರ ಕೊನೆಯಲ್ಲಿ, ಮುಚ್ಚಿಡುವುದೇನೂ ಇಲ್ಲವೆಂಬಂತೆ, ಭಾನುವಾರದ ಕಾರ್ಯಕ್ರಮವನ್ನು ಸಾಲಾಗಿ ಹೇಳುತ್ತಾನೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಕೂಡುತ್ತಾರೆ. ಸಮಯ ಇರುವಷ್ಟು ಹೊತ್ತು ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಓದುತ್ತಾರೆ. ಓದು ಮುಗಿದ ಮೇಲೆ ಮುಖ್ಯಸ್ಥನು ಇಂಥ ಒಳ್ಳೆಯದನ್ನು ಅನುಸರಿಸಿ ಎಂದು ಬುದ್ಧಿ ಹೇಳುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಮುಖ್ಯಸ್ಥನು ಕೃತಜ್ಞತೆ ಸಲ್ಲಿಸುತ್ತಾನೆ, ಜನರು ‘ಆಮೆನ್’ ಎನ್ನುತ್ತಾರೆ, ಹಂಚಿಕೊಳ್ಳುತ್ತಾರೆ. ಉಳ್ಳವರು ತಮಗೆ ತೋಚಿದಷ್ಟು ಕೊಟ್ಟದ್ದು ಮುಖ್ಯಸ್ಥನ ಬಳಿ ಸೇರುತ್ತದೆ. ಅದರಿಂದ ಅವನು ದಿಕ್ಕಿಲ್ಲದ ಮಕ್ಕಳನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ಪರಊರಿಂದ ಬಂದವರನ್ನು ನೋಡಿಕೊಳ್ಳುತ್ತಾನೆ.

ಬೆಂಗಳೂರಿನ ಹಡ್ಸನ್ ಚರ್ಚಿನ ಕನ್ನಡ ಆರಾಧನೆಗೆ ಹೋಗಿ, ಇಲ್ಲವೇ ಮಂಗಳೂರಿನ ಬಿಜೈಯಲ್ಲೋ ಚಿಕ್ಕಮಗಳೂರಿನಲ್ಲೋ ಕಥೋಲಿಕರ ಬಲಿಪೂಜೆಗೆ ಹೋಗಿ, ಇದೇ ಕ್ರಮ ಕಾಣುತ್ತದೆ: ವಾಚನ, ಪ್ರಸಂಗ, ಪ್ರಾರ್ಥನೆ, ರೊಟ್ಟಿ ಮತ್ತು ಪಾತ್ರೆ, ಕಾಣಿಕೆ. 1,800 ವರ್ಷದಲ್ಲಿ ಮಾರ್ಪಟ್ಟದ್ದು ಬಟ್ಟೆ, ಭಾಷೆ, ಮೈಕು. ಜಸ್ಟಿನ್ ಹೇಳಿದ ಇನ್ನೊಂದು ಸಂಗತಿ ಉಳಿದಿದೆ; ಅದಕ್ಕೆ ಆಮೇಲೆ ಬರುತ್ತೇನೆ.

ಈ ಪಟ್ಟಿಯನ್ನು ಹಿಡಿದುಕೊಂಡು ಒಂದು ಲೆಕ್ಕ ಹಾಕೋಣ. ಇದರಲ್ಲಿ ಮನೆಯಲ್ಲಿ ಒಬ್ಬರೇ ಮಾಡಬಹುದಾದದ್ದು ಯಾವುದು? ಓದಬಹುದು. ಪ್ರಾರ್ಥಿಸಬಹುದು. ಪ್ರಸಂಗವನ್ನು ಮೊಬೈಲಿನಲ್ಲಿ ಕೇಳಬಹುದು, ಬಹುಶಃ ನಮ್ಮ ಸಭಾಪಾಲಕರಿಗಿಂತ ಚೆನ್ನಾಗಿ ಮಾತನಾಡುವವರದ್ದೇ. ಕಾಣಿಕೆಯನ್ನು ಈಗ ಕ್ಯೂಆರ್ ಕೋಡಿನ ಮೂಲಕ ಕಳುಹಿಸಬಹುದು. ಉಳಿಯುವುದು ರೊಟ್ಟಿ ಮುರಿಯುವುದು. ಅದೊಂದನ್ನು ಮಾತ್ರ ಒಬ್ಬರೇ ಮಾಡಲಾಗದು. ಈ ರೊಟ್ಟಿ, ದ್ರಾಕ್ಷಾರಸದ ಊಟವಾದ ಪ್ರಭುಭೋಜನದ ಕುರಿತು ಕ್ರೈಸ್ತ ಪಂಗಡಗಳಲ್ಲಿ ಶತಮಾನಗಳ ಜಗಳವಿದೆ: ರೊಟ್ಟಿ ನಿಜವಾಗಿ ಕ್ರಿಸ್ತನ ದೇಹವಾಗುತ್ತದೆಯೇ, ಅದು ನೆನಪಿನ ಗುರುತೇ, ವಾರಕ್ಕೊಮ್ಮೆಯೇ, ತಿಂಗಳಿಗೊಮ್ಮೆಯೇ. ಆದರೆ ಅದು ಕೂಡಿ ಉಣ್ಣುವ ಊಟ ಎಂಬುದರಲ್ಲಿ ಹೆಚ್ಚು ಜಗಳವಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಬಾಗಿಲುಗಳು ಮುಚ್ಚಿದಾಗ ಈ ಪ್ರಶ್ನೆ ಪುಸ್ತಕದಿಂದ ಎದ್ದು ಊಟದ ಮೇಜಿಗೆ ಬಂತು. ಹಾಡು, ಓದು, ಪ್ರಸಂಗ ಎಲ್ಲವೂ ಪರದೆಯ ಮೇಲೆ ಸಲೀಸಾಗಿ ಬಂದವು. ರೊಟ್ಟಿಯ ಹತ್ತಿರ ಬಂದಾಗ ಎಲ್ಲರೂ ತಡವರಿಸಿದರು. ಕೆಲವು ಸಭೆಗಳು ಮನೆಯವರು ತಾವೇ ಬ್ರೆಡ್ಡು, ದ್ರಾಕ್ಷಿ ರಸ ಇಟ್ಟುಕೊಳ್ಳಲಿ ಎಂದವು. ಕಥೋಲಿಕರು ಆ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಮನಸ್ಸಿನಲ್ಲೇ ಬಯಸಿ ಸ್ವೀಕರಿಸುವ ಪ್ರಾರ್ಥನೆ ಹೇಳಿದರು. ಇನ್ನು ಕೆಲವರು ಕೂಡುವ ತನಕ ಉಪವಾಸವೇ ಇರೋಣ ಎಂದು ಕಾದರು. ನನಗೆ ಮೂರನೆಯವರ ಮಾತು ಸರಿಯೆನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ. ಊಟಕ್ಕೆ ಬರಲಾಗದವರು ‘ಬರಲಾಗಲಿಲ್ಲ’ ಎಂದು ಹಸಿದಿರುವುದೂ ಆ ಊಟಕ್ಕೆ ಕೊಡುವ ಒಂದು ಮರ್ಯಾದೆ.

ಕೂಡಿ ಉಣ್ಣುವ ಊಟವೆಂದ ಮೇಲೆ ಗ್ರೀಸಿನ ಕೊರಿಂಥ ಪಟ್ಟಣದ ಸಭೆಯ ಕಥೆ ಹೇಳದೆ ದಾಟಲಾಗದು. ಆ ಸಭೆಯಲ್ಲಿ ಶ್ರೀಮಂತರು ಬೇಗ ಬಂದು ತಮ್ಮ ತಮ್ಮ ಊಟ ಬಿಚ್ಚಿ ಉಂಡು ಕುಡಿದು ಮತ್ತರಾಗುತ್ತಿದ್ದರು. ದುಡಿಮೆ ಮುಗಿಸಿ ಬರುವ ಬಡವರಿಗೆ ಹಸಿವೇ ಗತಿಯಾಗಿತ್ತು. ಪೌಲನಿಗೆ ಸಿಟ್ಟು ನೆತ್ತಿಗೇರುತ್ತದೆ. ನೀವು ಕೂಡುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು, ಇದು ಕರ್ತನ ಭೋಜನವೇ ಅಲ್ಲ ಎಂದು ಬರೆಯುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಅವನು ಮುಂದೆ ಏನು ಹೇಳಿದ ಎಂಬುದು. ‘ಹಾಗಾದರೆ ಕೂಡುವುದನ್ನು ಬಿಡಿ’ ಎನ್ನಲಿಲ್ಲ. ಊಟಕ್ಕೆ ಕೂಡಿದಾಗ ಒಬ್ಬರಿಗೊಬ್ಬರು ಕಾಯಿರಿ ಎಂದ. ಅದರ ಮರು ಅಧ್ಯಾಯದಲ್ಲೇ ದೇಹದ ಹೋಲಿಕೆ ಬರುತ್ತದೆ: ಕಾಲು ತಾನು ಕೈಯಲ್ಲವೆಂದು ದೇಹದಿಂದ ಬೇರೆಯಾಗದು, ಕಣ್ಣು ಕೈಗೆ ‘ನೀನು ನನಗೆ ಬೇಡ’ ಎನ್ನಲಾಗದು. ಭಾನುವಾರದ ಪ್ರಸಂಗಗಳಲ್ಲಿ ಸವೆದು ಹೋದ ಈ ಹೋಲಿಕೆ, ಉಣ್ಣಲು ಸಿಗದೆ ಗೋಡೆಗೊರಗಿ ನಿಂತ ಕೂಲಿಯವನ ಹಿನ್ನೆಲೆಯಲ್ಲಿ ಓದಿದರೆ ಮತ್ತೆ ಹರಿತವಾಗುತ್ತದೆ.

ಮನೆಯಲ್ಲೇ ಸಾಕು ಎನ್ನುವವರು ಎತ್ತಿ ತೋರಿಸುವ ವಚನಗಳು ಎರಡು. ಒಂದು, ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ್ದು: ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ. ಈ ಮಾತು ಯಾರಿಗೆ ಹೇಳಿದ್ದೆಂದು ಅದರ ಹಿಂದಿನ ವಾಕ್ಯದಲ್ಲೇ ಇದೆ: ಬೀದಿ ಮೂಲೆಗಳಲ್ಲಿ ಜನ ನೋಡಲೆಂದು ನಿಂತು ಪ್ರಾರ್ಥಿಸುವವರಂತೆ ಇರಬೇಡಿ. ತೋರಿಕೆಯ ರೋಗಕ್ಕೆ ಕೊಟ್ಟ ಮದ್ದು ಅದು. ಅದೇ ಯೇಸು ತನ್ನ ವಾಡಿಕೆಯ ಪ್ರಕಾರ ಯೆಹೂದ್ಯರ ವಾರದ ವಿಶ್ರಾಂತಿಯಾದ ಸಬ್ಬತ್ ದಿನ ನಜರೇತಿನ ಸಭಾಮಂದಿರಕ್ಕೆ ಹೋದನೆಂದು ಲೂಕನು 4ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ‘ವಾಡಿಕೆಯ ಪ್ರಕಾರ’ ಎಂಬುದು ನನಗೆ ಇಷ್ಟವಾದ ಪದ. ಸ್ಫೂರ್ತಿ ಬಂದ ದಿನವಲ್ಲ, ಮನಸ್ಸು ಭಾರವಾದ ದಿನವಲ್ಲ, ವಾಡಿಕೆಯ ದಿನ. ಆ ಊರಿನ ಪ್ರಸಂಗಗಳೂ ಅಂಥ ಚೆನ್ನಾಗಿ ಇದ್ದಿರಲಾರವು.

ಇನ್ನೊಂದು ವಚನ ಮತ್ತಾಯನ 18ರದ್ದು: ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿದ್ದೇನೆ. ಗಂಡ, ಹೆಂಡತಿ, ಮಗು ಸೇರಿ ಮೂವರಾಯಿತು, ನಮ್ಮ ಮನೆಯೇ ಸಭೆ ಎಂಬ ವಾದ ಇದರಿಂದ ಹುಟ್ಟುತ್ತದೆ. ಆದರೆ ಆ ಭಾಗವನ್ನು ಮೇಲಿಂದ ಓದಿದರೆ ಅದು ತಪ್ಪು ಮಾಡಿದ ಸಹೋದರನನ್ನು ಹೇಗೆ ಮರಳಿ ಗಳಿಸಿಕೊಳ್ಳಬೇಕೆಂಬ ವಿಚಾರ. ಮೊದಲು ಅವನೊಬ್ಬನೊಡನೆ ಮಾತನಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಆ ಇಬ್ಬರು ಮೂವರು ಯಾರೆಂದರೆ ಮುನಿಸಿಕೊಂಡವನ ಮನೆ ಬಾಗಿಲಿಗೆ ನಡೆದುಹೋದವರು. ಸಭೆಯನ್ನು ತಪ್ಪಿಸಿಕೊಳ್ಳಲು ಬಳಸುವ ಮಾತು ಮೂಲದಲ್ಲಿ ಸಭೆಯಿಂದ ಜಾರಿದವನನ್ನು ಹುಡುಕಿಕೊಂಡು ಹೋಗುವ ಮಾತು.

ನೇರವಾದ ಬುದ್ಧಿಮಾತು ಬೇಕೆಂದರೆ ಅದು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿದೆ: ಕೂಡಿಬರುವುದನ್ನು ಕೆಲವರು ರೂಢಿಯಾಗಿ ಬಿಟ್ಟಂತೆ ನಾವು ಬಿಡಬಾರದು, ಒಬ್ಬರನ್ನೊಬ್ಬರು ಎಚ್ಚರಿಸಬೇಕು. ಮೊದಲ ಶತಮಾನದಲ್ಲೇ ಚಕ್ಕರ್ ಹಾಕುವವರಿದ್ದರು ಎಂಬುದು ಒಂದು ಸಮಾಧಾನ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಕೂಡಿದ ಬಿಷಪರು, ಊರಿನಲ್ಲೇ ಇದ್ದೂ ಮೂರು ಭಾನುವಾರ ತಪ್ಪಿಸಿಕೊಂಡವನನ್ನು ಕೊಂಚ ಕಾಲ ಹೊರಗಿಡಬೇಕೆಂದು ನಿಯಮವನ್ನೇ ಮಾಡಿದರು. ಬರದವನಿಗೆ ಬರಬೇಡವೆಂಬ ಶಿಕ್ಷೆ! ಇಂದಿಗೂ ಕಥೋಲಿಕ ಧರ್ಮಸಭೆಯ ಕಾನೂನು ಭಾನುವಾರದ ಪೂಜೆಯನ್ನು ಕರ್ತವ್ಯವೆಂದೇ ಹೇಳುತ್ತದೆ. ಶನಿವಾರ ಸಂಜೆಯ ಪೂಜೆಗೆ ಹೋದರೂ ನಡೆಯುತ್ತದೆ. ರೋಗಿಗಳಿಗೆ, ರೋಗಿಗಳನ್ನು ನೋಡಿಕೊಳ್ಳುವವರಿಗೆ ಆ ಕಟ್ಟಿಲ್ಲ. ಪ್ರೊಟೆಸ್ಟೆಂಟರಲ್ಲಿ ಇಂಥ ಕಾನೂನಿಲ್ಲ, ಅದರ ಜಾಗದಲ್ಲಿ ‘ಹೋದ ವಾರ ಕಾಣಲೇ ಇಲ್ಲ’ ಎನ್ನುವ ಹಿರಿಯರಿದ್ದಾರೆ. ಯಾವುದು ಹೆಚ್ಚು ಪರಿಣಾಮಕಾರಿ ಎಂದು ನಾನು ಹೇಳಲಾರೆ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಯೇಸುವಿನ ಶಿಷ್ಯ ತೋಮನ ಕಥೆ. ಅವನನ್ನು ನಾವು ಸಂಶಯದವನೆಂದೇ ಕರೆಯುತ್ತೇವೆ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಸಂಶಯಕ್ಕೆ ಮೊದಲು ಇನ್ನೊಂದು ಸಂಗತಿ ಕಾಣುತ್ತದೆ: ಪುನರುತ್ಥಾನದ ದಿನ ಸಂಜೆ ಯೇಸು ಬಂದಾಗ ತೋಮನು ಅವರ ಸಂಗಡ ಇರಲಿಲ್ಲ. ಯಾಕೆ ಇರಲಿಲ್ಲವೆಂದು ಯೋಹಾನ ಹೇಳುವುದಿಲ್ಲ. ದುಃಖ ಹೆಚ್ಚಾಗಿ ಒಬ್ಬನೇ ಇರಬೇಕೆನ್ನಿಸಿರಬಹುದು, ಏನೋ ಕೆಲಸವಿದ್ದಿರಬಹುದು. ಉಳಿದವರು ‘ನಾವು ಕರ್ತನನ್ನು ನೋಡಿದೆವು’ ಎಂದರು, ಅವನು ನಂಬಲಿಲ್ಲ. ಇದಾದ ಮೇಲೆ ಅವನು ಅವರಿಂದ ದೂರವಾಗುವುದು ಸಹಜವಾಗಿತ್ತು. ಎಂಟು ದಿನದ ನಂತರ ಅವರು ಮತ್ತೆ ಒಳಗೆ ಕೂಡಿದ್ದಾಗ ತೋಮನೂ ಇದ್ದ. ನಂಬಿಕೆ ಬಂದ ಮೇಲೆ ಅವನು ಸಭೆಗೆ ಬರಲಿಲ್ಲ. ನಂಬದೇ ಬಂದ, ಅಲ್ಲಿ ನಂಬಿಕೆ ಬಂತು. ನಂಬದವನನ್ನು ಆ ಹತ್ತು ಮಂದಿ ಹೊರಗಿಡಲಿಲ್ಲ ಎಂಬುದೂ ಅಷ್ಟೇ ಮುಖ್ಯ. ‘ನನಗೀಗ ಮೊದಲಿನ ಹಾಗೆ ನಂಬಿಕೆ ಇಲ್ಲ, ಹೋಗುವುದು ಕಪಟವಾಗುತ್ತದೆ’ ಎಂಬ ಕಾರಣವನ್ನು ನಾನೂ ಕೊಟ್ಟಿದ್ದೆ. ಎರಡನೆಯ ಭಾನುವಾರ ತೋಮನೂ ಹಾಗೇ ಅಂದುಕೊಂಡಿದ್ದರೆ?

ಹಾಗಾದರೆ ಸಭೆಯಿಲ್ಲದೆ ನಂಬಿಕೆ ಉಳಿಯುವುದೇ ಇಲ್ಲವೇ? ಉಳಿದ ಪ್ರಸಿದ್ಧ ಉದಾಹರಣೆ ಜಪಾನಿನದು. ಅಲ್ಲಿ 1614ರಲ್ಲಿ ಕ್ರೈಸ್ತ ಧರ್ಮವನ್ನು ದೇಶವಿಡೀ ನಿಷೇಧಿಸಲಾಯಿತು, ಪಾದ್ರಿಗಳನ್ನು ಓಡಿಸಿದರು ಇಲ್ಲವೇ ಕೊಂದರು. 1865ರ ಮಾರ್ಚ್ 17ರಂದು ನಾಗಸಾಕಿಯ ಔರಾದಲ್ಲಿ ಹೊಸದಾಗಿ ಕಟ್ಟಿದ ಚರ್ಚಿಗೆ ಪಕ್ಕದ ಹಳ್ಳಿಯ ಕೆಲವರು ಬಂದು, ಫ್ರೆಂಚ್ ಪಾದ್ರಿ ಪೆಟಿಜಾನನ ಬಳಿ ತಮ್ಮ ಹೃದಯವೂ ಅವನ ಹೃದಯವೂ ಒಂದೇ ಎಂದು ಪಿಸುಗುಟ್ಟಿದರು. 250 ವರ್ಷ ಪಾದ್ರಿಯಿಲ್ಲದೆ, ಪೂಜೆಯಿಲ್ಲದೆ ಉಳಿದ ನಂಬಿಕೆ! ಚರ್ಚ್ ಬೇಡವೆನ್ನುವವರು ಇದನ್ನು ಹೇಳಿ ಗೆಲ್ಲಬಹುದು. ಆದರೆ ಅವರು ಉಳಿದದ್ದು ಹೇಗೆ? ಹಳ್ಳಿಗಳಲ್ಲಿ ಗುಟ್ಟಾದ ಗುಂಪು ಕಟ್ಟಿಕೊಂಡಿದ್ದರು. ಹಬ್ಬದ ದಿನಗಳ ಲೆಕ್ಕ ಇಡಲು ಒಬ್ಬ, ಮಕ್ಕಳಿಗೆ ಸ್ನಾನದೀಕ್ಷೆ ಕೊಡಲು ಇನ್ನೊಬ್ಬ ಎಂದು ಹೊಣೆ ಹಂಚಿಕೊಂಡಿದ್ದರು. ಅವರ ಬಳಿ ಚರ್ಚ್ ಇರಲಿಲ್ಲ, ಸಭೆ ಇತ್ತು. ಈಜಿಪ್ಟಿನ ಮರುಭೂಮಿಯ ಹಳೆಯ ಸನ್ಯಾಸಿಗಳದೂ ಇದೇ ಕಥೆ. ವಾರವಿಡೀ ಗುಡಿಸಲಿನಲ್ಲಿ ಒಂಟಿಯಾಗಿರುತ್ತಿದ್ದವರು ಶನಿವಾರ, ಭಾನುವಾರ ಮಾತ್ರ ನಡೆದು ಬಂದು ಕೂಡುತ್ತಿದ್ದರು.

ಕೂಡಿದ್ದಕ್ಕೇ ಪ್ರಾಣ ಕೊಟ್ಟವರೂ ಇದ್ದಾರೆ. ಚಕ್ರವರ್ತಿ ಡಯೊಕ್ಲೇಶಿಯನ್ 303ರಲ್ಲಿ ಕ್ರೈಸ್ತರ ಕೂಟಗಳನ್ನೂ ಗ್ರಂಥಗಳನ್ನೂ ನಿಷೇಧಿಸಿದ. ಮರುವರ್ಷ, ಈಗಿನ ಟ್ಯುನೀಸಿಯದಲ್ಲಿದ್ದ ಅಬಿಟಿನೇ ಎಂಬ ಊರಿನಲ್ಲಿ ಎಮೆರಿಟಸ್ ಎಂಬವನ ಮನೆಯಲ್ಲಿ ಕೂಡಿದ್ದ 49 ಮಂದಿಯನ್ನು ಹಿಡಿದು ಕಾರ್ಥೇಜಿಗೆ ಒಯ್ದರು. ಇವರನ್ನು ಮನೆಯೊಳಗೆ ಯಾಕೆ ಬಿಟ್ಟುಕೊಂಡೆ ಎಂದು ಅಧಿಕಾರಿ ಕೇಳಿದ. ಅವರು ನನ್ನ ಸಹೋದರರು, ತಡೆಯಲಾಗಲಿಲ್ಲ ಎಂದ ಎಮೆರಿಟಸ್. ತಡೆಯಬೇಕಿತ್ತು ಎಂದಾಗ ಅವನು ಕೊಟ್ಟ ಉತ್ತರ ಲ್ಯಾಟಿನಿನಲ್ಲಿ ಮೂರು ನಾಲ್ಕು ಪದದ್ದು: ಕರ್ತನದು ಇಲ್ಲದೆ ನಮಗಾಗದು. ‘ಕರ್ತನದು’ ಎಂದರೆ ದಿನವೇ, ಊಟವೇ, ಕೂಟವೇ ಎಂದು ಪಂಡಿತರು ಬಿಡಿಸುತ್ತಾ ಕೂರುತ್ತಾರೆ. ಅವನಿಗೆ ಅವು ಬೇರೆ ಬೇರೆಯಾಗಿ ಇರಲಿಲ್ಲವೆಂದು ತೋರುತ್ತದೆ.

ಇನ್ನು ನಿಜವಾದ ಕಾರಣಕ್ಕೆ ಬರೋಣ. ಸಭೆ ಬಿಟ್ಟವರಲ್ಲಿ ಬಹುಪಾಲು ಜನ ದೇವತಾಶಾಸ್ತ್ರ ಓದಿ ಬಿಟ್ಟವರಲ್ಲ. ಸಭೆಯ ಚುನಾವಣೆಯಲ್ಲಿ ಎರಡು ಪಾರ್ಟಿಯಾಗಿ ಬಿಟ್ಟವರು, ಆಸ್ತಿಯ ವ್ಯಾಜ್ಯ ಕೋರ್ಟು ಮೆಟ್ಟಿಲೇರಿದ್ದು ನೋಡಿ ಬೇಸತ್ತವರು, ಸಭಾಪಾಲಕರ ನಡತೆ ಕಂಡು ಹೇಸಿದವರು, ‘ಇವರು ಯಾವ ಜಾತಿಯಿಂದ ಬಂದವರು’ ಎಂಬ ಪಿಸುಮಾತು ಕಿವಿಗೆ ಬಿದ್ದು ನೊಂದವರು. ಜಾತಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದೆವೆಂದು ಹೇಳಿಕೊಳ್ಳುವ ಸಭೆಗಳಲ್ಲೇ ಮದುವೆ ಮಾತುಕತೆ ಬಂದಾಗ ಅದು ಹಿಂಬಾಗಿಲಿನಿಂದ ಒಳಬರುವುದನ್ನು ನಾವೆಲ್ಲ ನೋಡಿದ್ದೇವೆ. ಇದಕ್ಕೆ ‘ಮನುಷ್ಯರನ್ನು ನೋಡಬೇಡಿ, ದೇವರನ್ನು ನೋಡಿ’ ಎಂಬ ಸಿದ್ಧ ಉತ್ತರವಿದೆ. ನನಗೆ ಅದು ಸೇರುವುದಿಲ್ಲ. ಮನುಷ್ಯರನ್ನು ನೋಡದೆ ಇರುವುದಾದರೆ ಸಭೆ ಯಾಕೆ, ಮನೆಯೇ ಸಾಕಿತ್ತಲ್ಲ.

ಉತ್ತರ ಆಫ್ರಿಕದಲ್ಲಿ, ಅಬಿಟಿನೇಯ ಸುತ್ತಮುತ್ತಲೇ, ತಪ್ಪು ಮಾಡಿದವರ ಜೊತೆ ಕೂಡಬೇಕೇ ಎಂಬ ಈ ಪ್ರಶ್ನೆ ಇಡೀ ಸಭೆಯನ್ನು ಎರಡಾಗಿ ಸೀಳಿತು. ಹಿಂಸೆಯ ಕಾಲದಲ್ಲಿ ಹೆದರಿ ಗ್ರಂಥಗಳನ್ನು ಅಧಿಕಾರಿಗಳ ಕೈಗಿತ್ತ ಪಾದ್ರಿಗಳು, ಬಿಷಪರು ಇದ್ದರು. ಅಂಥವರು ನಡೆಸುವ ಸಂಸ್ಕಾರಕ್ಕೆ ಬೆಲೆಯಿಲ್ಲ, ನಮ್ಮದು ಶುದ್ಧರ ಸಭೆ ಎಂದು ಡೊನೇಟಿಸ್ಟರು ಬೇರೆಯಾದರು. ಅಬಿಟಿನೇಯ ಹುತಾತ್ಮರ ಕಥೆ ನಮ್ಮ ಕೈಗೆ ಬಂದದ್ದೂ ಅವರ ಮೂಲಕವೇ. ಅವರ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲವೆಂದು ಯಾರೂ ಹೇಳಲಾರರು. ಸುಮಾರು ನೂರು ವರ್ಷದ ನಂತರ ಅಲ್ಲಿನವನೇ ಆದ ಬಿಷಪ್ ಅಗಸ್ಟೀನನು ಅವರಿಗೆ ಕೊಟ್ಟ ಉತ್ತರದ ಸಾರವಿಷ್ಟು: ಸಂಸ್ಕಾರ ಕ್ರಿಸ್ತನದು, ಪಾದ್ರಿಯದಲ್ಲ, ಗೋಧಿಯೂ ಹಣಜಿ ಎಂಬ ಕಳೆಯೂ ಸುಗ್ಗಿಯ ತನಕ ಒಂದೇ ಹೊಲದಲ್ಲಿ ಬೆಳೆಯುತ್ತವೆ. ಶುದ್ಧರದ್ದೇ ಸಭೆಯಾಗಬೇಕೆಂದರೆ ಮೊದಲು ಹೊರಗೆ ನಿಲ್ಲಬೇಕಾದವನು ನಾನೇ ಎಂಬ ಲೆಕ್ಕ ಇದರೊಳಗಿದೆ. ಹಾಗೆಂದು ಇದು ಎಲ್ಲವನ್ನೂ ಸಹಿಸಿಕೊಳ್ಳಿ ಎಂಬ ಮಾತಲ್ಲ. ಮಕ್ಕಳಿಗೋ ಹೆಂಗಸರಿಗೋ ಅಪಾಯವಿರುವ, ದುಡ್ಡಿಗಾಗಿ ಹೆದರಿಸುವ ಸಭೆಯನ್ನು ಬಿಟ್ಟು ಹೋಗುವುದು ಸರಿ, ಪೊಲೀಸರಿಗೆ ಹೇಳುವುದು ಇನ್ನೂ ಸರಿ. ಆದರೆ ಅಲ್ಲಿಂದ ಹೊರಟು ಇನ್ನೊಂದು ಸಭೆಗೆ ಹೋಗಬಹುದು. ಸಣ್ಣ ಮುನಿಸುಗಳದ್ದು ಬೇರೆ ವಿಷಯ. ಕ್ಷಮೆ ಕಲಿಯಬೇಕೆಂದರೆ ನಮ್ಮನ್ನು ನೋಯಿಸುವಷ್ಟು ಹತ್ತಿರ ಕೂರುವವರು ಬೇಕಾಗುತ್ತಾರೆ. ಪರದೆಯ ಮೇಲಿನ ಪ್ರಸಂಗಕಾರ ನಮ್ಮನ್ನು ಎಂದೂ ನೋಯಿಸುವುದಿಲ್ಲ.

ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. ಬೇರೆ ಬೇರೆ ದೇಶದ ಮಿಷನ್‌ಗಳು ಕಟ್ಟಿದ, ಒಂದರ ಮೇಜಿಗೆ ಇನ್ನೊಂದು ಬರದಿದ್ದ ಸಭೆಗಳು ಒಂದಾದ ದಿನ ಅದು. 1950ರಲ್ಲಿ ಅವರು ರೂಪಿಸಿದ ಆರಾಧನಾ ಕ್ರಮದಲ್ಲಿ, ಕೇರಳದ ಸುರಿಯಾನಿ ಕ್ರೈಸ್ತರಿಂದ ಪಡೆದ ಒಂದು ಹಳೆಯ ಪದ್ಧತಿ ಸೇರಿತು. ಪ್ರಭುಭೋಜನಕ್ಕೆ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು: ಒಬ್ಬರ ಬಲಗೈ ಇನ್ನೊಬ್ಬರ ಬಲಗೈಗೆ, ಮೇಲೆ ಎಡಗೈ ಮುಚ್ಚಿ. ಇಲ್ಲಿಂದ ಅದು ಪಶ್ಚಿಮದ ಸಭೆಗಳಿಗೂ ಹಬ್ಬಿತು. ಒಂದು ಕಾಲಕ್ಕೆ ಮಾತು ಬಿಟ್ಟಿದ್ದ ದಾಯಾದಿ ಪಕ್ಕದ ಬೆಂಚಿನಿಂದ ತಿರುಗಿ ಕೈ ಚಾಚಿದಾಗ ಏನು ಮಾಡಬೇಕು? ಬಹುಪಾಲು ಜನ ಕೈ ಕೊಡುತ್ತಾರೆ, ಕಣ್ಣು ಮಾತ್ರ ಬೇರೆಡೆ ಇರುತ್ತದೆ. ಅಷ್ಟಾದರೂ ಆಯಿತು, ಮನೆಯಲ್ಲಿ ಕೂತಿದ್ದರೆ ಅದೂ ಆಗುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಸಭೆ ಎಂಬುದು ಬದುಕಿನ ಆಸರೆಯೇ ಆಗಿದ್ದ ಕಾಲವಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಮನೆ, ಕುಲ, ಕಸುಬು ಎಲ್ಲದರಿಂದ ಹೊರಬಿದ್ದರು. ನೇಯ್ಗೆ ಶಾಲೆಗಳು, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಇವೆಲ್ಲ ಹುಟ್ಟಿದ್ದು ಅವರಿಗೆ ದುಡಿಮೆ ಕೊಡುವ ಹೊಣೆಯಿಂದ. ಮಗುವಿಗೆ ಹೆಸರಿಡಲು, ಹೆಣ ಹೊರಲು ಬರುತ್ತಿದ್ದವರು ಭಾನುವಾರ ಪಕ್ಕದಲ್ಲಿ ಕೂರುತ್ತಿದ್ದವರೇ. ಇಂದು ಕಾರ್ಖಾನೆಯ ಅಗತ್ಯ ಯಾರಿಗೂ ಇಲ್ಲ. ಹೆಣ ಹೊರುವ ಅಗತ್ಯ ಇನ್ನೂ ಇದೆ. ವರ್ಷಕ್ಕೊಮ್ಮೆ ಬೆಳೆಹಬ್ಬದ ದಿನ ನಮ್ಮ ಚರ್ಚಿನ ಅಂಗಳದಲ್ಲಿ ಏಲಂ ನಡೆಯುತ್ತದೆ. ಹಿತ್ತಲಿನ ಬೂದುಗುಂಬಳ, ಬಾಳೆಗೊನೆ, ಮನೆಯಲ್ಲಿ ಮಾಡಿದ ಕೇಕು, ಕಾಲು ಕಟ್ಟಿದ ಹುಂಜ. ಪೇಟೆಯಲ್ಲಿ ನಲವತ್ತು ರೂಪಾಯಿಯ ಕುಂಬಳಕಾಯಿ ಇಲ್ಲಿ ಇಬ್ಬರ ಹಟಕ್ಕೆ ಬಿದ್ದು ಸಾವಿರ ದಾಟುತ್ತದೆ, ಗೆದ್ದವರು ಅದನ್ನೇ ಮರಳಿ ಏಲಂಗೆ ಕೊಡುತ್ತಾರೆ. ಅರ್ಥಶಾಸ್ತ್ರ ಓದಿದವರು ತಲೆ ಚಚ್ಚಿಕೊಳ್ಳುವ ವ್ಯವಹಾರ. ಅಂದು ಅಂಗಳದಲ್ಲಿ ನಿಂತು ನಕ್ಕವರು ಮುಂದೆ ಆಸ್ಪತ್ರೆಯ ವರಾಂಡದಲ್ಲೂ ಜೊತೆಗೆ ನಿಲ್ಲುತ್ತಾರೆ, ಮೊದಲನೆಯದಿಲ್ಲದೆ ಎರಡನೆಯದು ಸಲೀಸಾಗಿ ಬರುವುದಿಲ್ಲ.

ಇದರಿಂದ ಆರೋಗ್ಯಕ್ಕೂ ಒಳ್ಳೆಯದೆಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ 70,000ಕ್ಕೂ ಹೆಚ್ಚು ನರ್ಸ್‌ಗಳನ್ನು 16 ವರ್ಷ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುವವರ ಸಾವಿನ ಪ್ರಮಾಣ ಎಂದೂ ಹೋಗದವರದ್ದಕ್ಕಿಂತ ಶೇ. 33ರಷ್ಟು ಕಡಿಮೆ ಇತ್ತು. ಸಂತೋಷ. ಆದರೆ ಆಯುಸ್ಸು ಹೆಚ್ಚಲೆಂದು ಚರ್ಚಿಗೆ ಹೋಗುವವರು ಅಬಿಟಿನೇಯ 49 ಮಂದಿಗೆ ಏನು ಹೇಳುತ್ತಾರೋ ಗೊತ್ತಿಲ್ಲ. ‘ಹೋದರೆ ನನಗೇನು ಸಿಗುತ್ತದೆ?’ ಎಂಬ ಪ್ರಶ್ನೆಯೇ ಕೊಂಚ ಅಂಗಡಿಯ ವಾಸನೆಯದು. ನಾನು ಹೋಗದ ವರ್ಷಗಳಲ್ಲಿ ಅದೇ ಪ್ರಶ್ನೆ ಕೇಳಿಕೊಂಡು, ‘ಹೆಚ್ಚೇನಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಿಕೊಂಡಿದ್ದೆ. ನಾನು ಇಲ್ಲದ್ದರಿಂದ ಅಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿಕೊಳ್ಳಲು ಹೊಳೆದಿರಲೇ ಇಲ್ಲ. ಮರಳಿ ಹೋದ ಮೊದಲ ಭಾನುವಾರ ಹಾಡುವಾಗ ಪಕ್ಕದ ಹಿರಿಯರೊಬ್ಬರು, ‘ಬಂದಿರಾ, ಈ ಬೆಂಚಿನಲ್ಲಿ ಕೆಳಸ್ವರ ಹಿಡಿಯುವವರೇ ಇರಲಿಲ್ಲ’ ಎಂದಷ್ಟೇ ಹೇಳಿ ಪುಸ್ತಕದ ಪುಟ ತೋರಿಸಿದರು. ನನ್ನ ನಂಬಿಕೆಯ ಬಗ್ಗೆ ವಿಚಾರಿಸಲಿಲ್ಲ.

ಜಸ್ಟಿನ್ ಹೇಳಿದ್ದರಲ್ಲಿ ನಾನು ಉಳಿಸಿಕೊಂಡ ಸಂಗತಿ ಇದು. ರೊಟ್ಟಿ ಹಂಚಿ ಮುಗಿದ ಮೇಲೆ, ಅಂದು ಬರಲಾಗದವರಿಗೆ ಸಭಾಸೇವಕರು ಅವರ ಪಾಲನ್ನು ಒಯ್ದು ಕೊಡುತ್ತಿದ್ದರು. ಹಾಸಿಗೆ ಹಿಡಿದವರಿಗೆ, ಧಣಿ ಬಿಡದ ಗುಲಾಮನಿಗೆ, ಹಸುಗೂಸಿನ ತಾಯಿಗೆ ಇದ್ದಿರಬೇಕು. ಇಂದಿಗೂ ಸಭಾಪಾಲಕರು ಆರಾಧನೆ ಮುಗಿಸಿ ಪುಟ್ಟ ಪೆಟ್ಟಿಗೆ ಹಿಡಿದು ಸ್ಕೂಟರ್ ಹತ್ತುವುದು, ಕಥೋಲಿಕರಲ್ಲಿ ಫಾದರ್ ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವುದು ಅದರ ಮುಂದುವರಿಕೆಯೇ. ಈ ಕೆಲಸಕ್ಕೆ ಮೊದಲು ಇನ್ನೊಂದು ಕೆಲಸ ಆಗಿರಲೇಬೇಕಲ್ಲ. ಬೆಳಕು ಹರಿಯುವ ಮುನ್ನ, ಎಣ್ಣೆದೀಪದ ಬೆಳಕಿನಲ್ಲಿ, ಯಾರೋ ಒಬ್ಬರು ಕೋಣೆಯ ಸುತ್ತ ಕಣ್ಣಾಡಿಸಿ ಇಂದು ಯಾರು ಬಂದಿಲ್ಲ ಎಂದು ಲೆಕ್ಕ ಹಾಕಿರಬೇಕು.